ಹೋದ ವರ್ಷದ ಮಳೆ

ದುಬೈಯಲ್ಲಿ ಕುಳಿತು ಹಿಮ ಮಾರುವುದು ಸುಲಭ. ಕೊಂಡವರನ್ನು ಜೀವಂತವಾಗಿ ವಾಪಸು ತರುವುದು ಕಷ್ಟ. ಪ್ರವಾಸದ ಲೈನಿಗೆ ಹೊಸದಾಗಿ ಸೇರುತ್ತಿರುವ ನಮ್ಮ ಕಡೆಯ ಮಕ್ಕಳು ನನ್ನನ್ನು ಕಂಡಾಗಲೆಲ್ಲ "ಆಂಟಿ, ಏನಾದ್ರೂ ಟಿಪ್ಸ್ ಕೊಡಿ" ಎನ್ನುತ್ತಾರೆ. ನನ್ನ ಹತ್ತಿರ ಟಿಪ್ಸ್ ಇಲ್ಲ, ಮಾನ ಹೋದ ಕೆಲವು ಪ್ರಸಂಗಗಳಿವೆ. ಅವನ್ನೇ ಬರೆಯುತ್ತೇನೆ. ಬಡ್ತಿ ಯಾವಾಗ ಸಿಕ್ಕಿತು ಎಂಬುದೆಲ್ಲ ನನ್ನ ಸ್ವಂತ ಮಗಳಿಗೇ ಬೇಡವಾದ ಸಂಗತಿ, ನಿಮಗೇಕೆ?

ನಾನು ಐರಿನ್. ಊರು ಉಡುಪಿಯ ಹತ್ತಿರ, ಕಡಲಿನ ಸದ್ದು ಕೇಳಿಸುವಷ್ಟು ದೂರದಲ್ಲಿ. ಚಳಿಗಾಲ ಬಂತೆಂದರೆ ಮರಳುಗಾಡಿನ ಜನರನ್ನು ವಿಮಾನ ಹತ್ತಿಸಿ ಜಾರ್ಜಿಯಾದ ಹಿಮಬೆಟ್ಟಗಳಿಗೆ ಕಳಿಸುವ ಕಂಪನಿಯೊಂದರಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಆಫೀಸು ಸಿಲಿಕಾನ್ ಓಯಸಿಸ್‌ನಲ್ಲಿ. ಜಾಕೆಟ್ಟು, ಬೂಟುಗಳ ಗೋದಾಮು ರಾಸ್ ಅಲ್ ಖೋರ್‌ನಲ್ಲಿ, ಎರಡು ಗ್ಯಾರೇಜುಗಳ ನಡುವೆ. ನಮ್ಮಿಂದ ಬಾಡಿಗೆಗೆ ಪಡೆದ ಜಾಕೆಟ್ಟಿನಲ್ಲಿ ಎಂಜಿನ್ ಆಯಿಲ್ಲಿನ ವಾಸನೆ ಏಕೆ ಎಂದು ಕೇಳಿದವರಿಗೆ "ಅದು ಬೆಚ್ಚಗಿಡುತ್ತದೆ" ಎಂದು ಉತ್ತರಿಸುವುದು ನಾನು ಕಲಿತ ಮೊದಲ ಪಾಠ.

ಸಂದರ್ಶನದ ದಿನ ಮ್ಯಾನೇಜರ್ ಪ್ರಭು ಸರ್ ಕೇಳಿದರು, "ಹಿಮ ನೋಡಿದ್ದೀರಾ?"

"ನೋಡಿದ್ದೇನೆ ಸರ್, ಫ್ರಿಜ್ಜಲ್ಲಿ."

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಾನು ಸಹ ಅಲ್ಲೇ ನೋಡಿದ್ದು. ಯಾರ ಹತ್ರಾನೂ ಹೇಳ್ಬೇಡಿ."

ಹಾಗೆ ಕೆಲಸ ಸಿಕ್ಕಿತು. ಕುಂದಾಪುರದ ಈ ಪ್ರಭು ಸರ್ ಒಳ್ಳೆಯ ಮನುಷ್ಯ. ಅವರದು ಒಂದೇ ಕಾನೂನು: ಗಿರಾಕಿಗೆ 'ಇಲ್ಲ' ಎನ್ನಬಾರದು. 'ನೋಡೋಣ' ಎನ್ನಬಹುದು, 'ಇನ್ಶಾ ಅಲ್ಲಾ' ಎನ್ನಬಹುದು, ಕೆಮ್ಮಬಹುದು. ಒಮ್ಮೆ ಒಬ್ಬರು ತಮ್ಮ ಬೇಟೆಯ ಗಿಡುಗಕ್ಕೂ ಹಿಮ ತೋರಿಸಬೇಕೆಂದು ಬಂದರು. ಗಿಡುಗ ಅವರ ಮುಂಗೈ ಮೇಲೆ ಕುಳಿತು ನನ್ನನ್ನು ದುರುಗುಟ್ಟಿ ನೋಡುತ್ತಿತ್ತು. ನಾನು 'ಇಲ್ಲ' ಎನ್ನಲಿಲ್ಲ. ಇಬ್ಬರ ಪಾಸ್‌ಪೋರ್ಟನ್ನೂ ಕೊಡಿ ಎಂದೆ. ಇಲ್ಲಿ ಗಿಡುಗಗಳಿಗೂ ಪಾಸ್‌ಪೋರ್ಟ್ ಇರುತ್ತದೆ. ಗಿಡುಗದ್ದು ಸರಿಯಾಗಿತ್ತು, ಅವಧಿ ಮುಗಿದಿದ್ದದ್ದು ಯಜಮಾನರದ್ದು. ಪ್ರಭು ಸರ್ ಇಡೀ ವಾರ ನನ್ನನ್ನು ಹೊಗಳಿದರು.

ಗೋದಾಮನ್ನು ನೋಡಿಕೊಳ್ಳುತ್ತಿದ್ದವನು ಹಮೀದ್. ಉಳ್ಳಾಲದ ಬ್ಯಾರಿ. ಅವನೇ ಡ್ರೈವರ್, ಅವನೇ ಅಡುಗೆಯವನು, ಅವನೇ ತರಬೇತುದಾರ. ನನಗೆ ಒಡಹುಟ್ಟಿದ ತಮ್ಮನಿಲ್ಲ. ದೇವರು ಆ ಲೆಕ್ಕ ತುಂಬಿಸಲು ದುಬೈಯಲ್ಲಿ ಈ ಮನುಷ್ಯನನ್ನು ಕೊಟ್ಟ ಎಂದೇ ತಿಳಿದಿದ್ದೇನೆ. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ಯಾರೂ ಕೇಳದೆಯೇ ದಿನವೂ ಗಂಜಿ ತಂದವನು ಅವನು. ಗಂಜಿಗೆ ಉಪ್ಪು ಹೆಚ್ಚು, ಅದು ಬೇರೆ ಮಾತು.

ತರಬೇತಿ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಮಬೆಟ್ಟಕ್ಕೆ ಹೋಗುವವರು ಎದೆಗೆ ಒಂದು ಪುಟ್ಟ ಯಂತ್ರ ಕಟ್ಟಿಕೊಳ್ಳುತ್ತಾರೆ. ಅದಕ್ಕೆ ಬೀಕನ್ ಎಂದು ಹೆಸರು. ಬೆಟ್ಟದ ಹಿಮ ಕುಸಿದು ಯಾರಾದರೂ ಅಡಿಯಲ್ಲಿ ಹೂತುಹೋದರೆ ಆ ಬೀಕನ್ ಸಂಕೇತ ಕಳಿಸುತ್ತದೆ. ಉಳಿದವರು ತಮ್ಮ ಬೀಕನ್ನಿನಲ್ಲಿ ಅದನ್ನು ಹಿಡಿದು, ಉದ್ದನೆಯ ಸರಳಿನಿಂದ ಚುಚ್ಚಿ ಹುಡುಕಿ, ಅಗೆದು ತೆಗೆಯಬೇಕು. ಇದನ್ನು ಅಭ್ಯಾಸ ಮಾಡಲು ದುಬೈಯಲ್ಲಿ ಹಿಮ ಎಲ್ಲಿಂದ ತರುವುದು? ಅದಕ್ಕೇ ಹಮೀದ್ ಗಿರಾಕಿಗಳನ್ನು ಅಲ್ ಖುದ್ರಾ ಕಡೆಯ ಮರಳು ದಿಬ್ಬಗಳಿಗೆ ಕರೆದೊಯ್ದು, ಬೀಕನ್ನನ್ನು ಮರಳಿನಲ್ಲಿ ಹೂತು, ಹುಡುಕಿಸುತ್ತಿದ್ದ.

ಒಂದು ಸಲ ಆನ್ ಮಾಡುವುದನ್ನು ಮರೆತು ಹೂತುಬಿಟ್ಟ. ಎಲ್ಲಿ ಹೂತೆನೆಂಬುದನ್ನೂ ಮರೆತ. ಟೋಪಿ ಹಾಕಿಕೊಂಡ ದೊಡ್ಡ ದೊಡ್ಡ ಮನುಷ್ಯರು ಸಾಲಾಗಿ ನಿಂತು ಮರುಭೂಮಿಗೆ ಸರಳು ಚುಚ್ಚುತ್ತಾ ಬಂದರು. ಒಂಟೆ ಸಾಕುವವನೊಬ್ಬ ಪಿಕಪ್ ನಿಲ್ಲಿಸಿ ಬಹಳ ಹೊತ್ತು ನೋಡಿದ. ಆಮೇಲೆ ಇಳಿದು ಬಂದು ಗಂಭೀರವಾಗಿ ಕೇಳಿದ, "ಪೆಟ್ರೋಲ್ ಸಿಕ್ಕಿತಾ?"

ಆ ಬೀಕನ್ ಈಗಲೂ ಅಲ್ಲೇ ಇದೆ. "ಬೇಜಾರು ಮಾಡ್ಬೇಡಿ ಐರಿನಕ್ಕ, ಒಂದಲ್ಲ ಒಂದು ದಿನ ಯಾರಿಗಾದ್ರೂ ಸಿಗ್ತದೆ" ಎಂದು ಹಮೀದ್ ನನಗೇ ಸಮಾಧಾನ ಹೇಳಿದ. ಅಂದಿನಿಂದ ಹೂಳುವ ಮುಂಚೆ ಬೀಕನ್ನಿನ ದೀಪ ಹೊತ್ತಿದೆಯೇ ಎಂದು ಇಬ್ಬರು ನೋಡಬೇಕು ಎಂಬ ನಿಯಮ ಬಂತು. ನಮ್ಮ ಕೆಲಸದ ನಿಯಮಗಳೆಲ್ಲ ಹೀಗೆಯೇ, ಯಾರಾದರೂ ಒಮ್ಮೆ ನಗೆಪಾಟಲಾದ ಮೇಲೆ ಹುಟ್ಟಿದವು.

ಆ ದಿನ ಬಿದ್ದು ಬಿದ್ದು ನಕ್ಕ ಗಿರಾಕಿಯೇ ಅಬು ಸೈಫ್. ಬಿಳಿ ಗಡ್ಡ, ದೊಡ್ಡ ಗಂಟಲು, ಇಲ್ಲಿಯವರೇ. ನಮ್ಮ ಜತೆ ಹಿಂದಿ ಮಾತಾಡುತ್ತಿದ್ದರು. ಅದನ್ನು ಕನ್ನಡದಲ್ಲೇ ಬರೆಯುತ್ತೇನೆ. ದಿಬ್ಬದ ಮೇಲೆ ಗಾಡಿ ಓಡಿಸುವುದನ್ನು ಹಮೀದನಿಗೆ ಕಲಿಸಿದವರು ಅವರೇ. ಹಮೀದ್ ಅವರನ್ನು 'ಉಸ್ತಾದ್' ಎನ್ನುತ್ತಿದ್ದ. ಉಸ್ತಾದರ ಮುಖ್ಯ ಪಾಠ ಏನೆಂದರೆ, ಒಣ ಮರಳನ್ನು ನಂಬಬಾರದು, ಕಾಲಿಟ್ಟರೆ ಜಾರುತ್ತದೆ. ಮಳೆ ಬಂದ ಮೇಲೆ ಮರಳು ಗಟ್ಟಿ, ಎಲ್ಲಿ ಬೇಕಾದರೂ ಓಡಿಸು. ಮರುಭೂಮಿಯ ಮಟ್ಟಿಗೆ ಇದು ನೂರಕ್ಕೆ ನೂರು ಸರಿ. ಮಳೆ ಬಿದ್ದ ದಿನ ಗುರುಶಿಷ್ಯರಿಬ್ಬರೂ ಹಟ್ಟಾ ಬೆಟ್ಟಗಳ ಕಡೆ ಓಡಿ, ಹಳ್ಳ ಹರಿಯುವುದನ್ನು ನೋಡುತ್ತಾ ಕಂಬಳಿ ಹಾಸಿ ಮಾಂಸ ಸುಡುತ್ತಿದ್ದರು. ಮಳೆ ಎಂದರೆ ಇಲ್ಲಿಯವರಿಗೆ ಹಬ್ಬ. ನಮ್ಮೂರಲ್ಲಿ ಮಳೆ ಬಂದರೆ ಜನ ಒಳಗೆ ಓಡುತ್ತಾರೆ, ಇಲ್ಲಿ ಹೊರಗೆ ಓಡುತ್ತಾರೆ.

ಹಿಮದ ವಿಷಯದಲ್ಲಿ ನನಗೂ ಅಷ್ಟೇ ಬುದ್ಧಿ ಇತ್ತು. ಮೊದಲೆಲ್ಲ ಅಲ್ಲಿಯ ಹವಾಮಾನ ಎಂದರೆ ಜಾರ್ಜಿಯಾದ ನಮ್ಮ ಗೈಡ್ ನಿನೋ ಫೋನಿನಲ್ಲಿ ಹೇಳಿದ್ದು. ಆಮೇಲೆ ಮೊಬೈಲಿನಲ್ಲೇ ಮೋಡ, ಹನಿ, ಡಿಗ್ರಿ ಎಲ್ಲ ಕಾಣತೊಡಗಿತು. ಒಂದು ಚಳಿಗಾಲ ಅಲ್ಲಿ ಸೊನ್ನೆಗಿಂತ ಮೇಲೆ ಕಂಡದ್ದೇ ತಡ, ನಾನು ಖುಷಿಯಿಂದ ಜಾಹೀರಾತು ಬರೆದು ಹಾಕಿದೆ: 'ಈ ವಾರ ಬೆಟ್ಟ ಬೆಚ್ಚಗಿದೆ, ಮಕ್ಕಳನ್ನೂ ಕರೆತನ್ನಿ!'

ನಿನೋ ಫೋನು ಮಾಡಿದಳು. "ಐರಿನ್, ನೀನು ಬರೆದದ್ದು ಜಾಹೀರಾತೋ, ಶ್ರದ್ಧಾಂಜಲಿಯೋ?"

ಅವಳು ಅಂದು ಬಿಡಿಸಿ ಹೇಳಿದಳು. ಚಳಿ ಇರುವಷ್ಟು ದಿನ ಹಿಮದ ಕಣಗಳು ಒಂದಕ್ಕೊಂದು ಕೈ ಹಿಡಿದುಕೊಂಡು ಇಳಿಜಾರಿನಲ್ಲಿ ನಿಂತಿರುತ್ತವೆ. ಬೆಚ್ಚಗಾಗಿ ಅದರ ಮೇಲೆ ಮಳೆಯೂ ಸುರಿದರೆ ಹಿಮ ನೀರು ಕುಡಿದು ಭಾರವಾಗುತ್ತದೆ, ಒಳಗಿನ ಹಿಡಿತ ಕಳಚುತ್ತದೆ. ಆಮೇಲೆ ಇಡೀ ಇಳಿಜಾರು ಒಮ್ಮೆಲೇ ಕೆಳಗೆ ಬರುತ್ತದೆ. ಒದ್ದೆ ಹಿಮ ಬಂದು ನಿಂತಮೇಲೆ ಕಾಂಕ್ರೀಟಿನ ಹಾಗೆ. "ಮಳೆ ಬಂದ ದಿನ ನಾನು ಇಳಿಜಾರಿನ ಮೇಲೂ ಹೋಗುವುದಿಲ್ಲ, ಅದರ ಕೆಳಗೂ ಕೂರುವುದಿಲ್ಲ. ಕೆಳಗಂತೂ ಇಲ್ಲವೇ ಇಲ್ಲ" ಎಂದಳು. ನಾನು ಜಾಹೀರಾತು ತೆಗೆದುಹಾಕಿದೆ. ಪ್ರಭು ಸರ್ "ಎಷ್ಟು ಚೆಂದ ಇತ್ತಲ್ಲ" ಎಂದು ನಿಟ್ಟುಸಿರು ಬಿಟ್ಟರು.

ಈಗ ಮುಖ್ಯ ಪ್ರಸಂಗಕ್ಕೆ ಬರುತ್ತೇನೆ. ಮುಂದಿನ ಒಂದು ಚಳಿಗಾಲದಲ್ಲಿ ಅಬು ಸೈಫ್ ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಜಾರ್ಜಿಯಾಕ್ಕೆ ಹೊರಟರು. ಹಮೀದ್ ಬಂದರೆ ಮಾತ್ರ ಹೋಗುವುದೆಂದು ಹಟ ಹಿಡಿದರು, ಹಿಮದ ಮೇಲೆ ಮಾಂಸ ಸುಡಬೇಕಲ್ಲ! ಹಮೀದನೂ ಉಪ್ಪು, ಇದ್ದಿಲು, ಕಂಬಳಿಗಳ ಸಮೇತ ಹೊರಟ. ಅವನು ಹಿಮ ನೋಡುವುದು ಅದೇ ಮೊದಲು.

ಅವರು ಹೋಗಿ ಮುಟ್ಟಿದ ರಾತ್ರಿಯೇ ಬೆಟ್ಟದಲ್ಲಿ ಮಳೆ ಹಿಡಿಯಿತು. ಮರುದಿನ ಬೆಳಿಗ್ಗೆ ಆಫೀಸಿಗೆ ಬಂದು ಚಹಾ ಮಾಡಿಕೊಳ್ಳುತ್ತಿದ್ದೆ, ನಿನೋ ಫೋನು.

"ರಾತ್ರಿಯೆಲ್ಲ ಮಳೆ ಐರಿನ್. ಮೇಲಿನಿಂದ ಹಿಮದ ಉಂಡೆಗಳು ತಾವಾಗಿಯೇ ಉರುಳುತ್ತಿವೆ. ನಾನು ಬರುವುದಿಲ್ಲ ಎಂದಿದ್ದೇನೆ. ಆದರೆ ನಿನ್ನ ಮುದುಕ ಹಳ್ಳಿಯವರಿಂದ ಸ್ನೋ ಬೈಕುಗಳನ್ನು ತಾನೇ ಗೊತ್ತುಮಾಡಿದ್ದಾನೆ. ಕಣಿವೆಯ ಒಳಗೆ ಒಂದು ಹಳೆಯ ಕಲ್ಲಿನ ಗುಡಿಸಲಿದೆ. ಅದರ ಮುಂದಿನ ಬಯಲಿನಲ್ಲಿ ಪಿಕ್‌ನಿಕ್ ಮಾಡುತ್ತಾನಂತೆ. ಇಡೀ ಇಳಿಜಾರು ಬಂದು ಬೀಳುವ ಜಾಗ ಅದು. ನೀನಾದರೂ ನಿಲ್ಲಿಸು."

ಹೆದರಿದೆ, ಸುಳ್ಳೇಕೆ ಹೇಳಲಿ. ಆ ಬಯಲಿನಲ್ಲಿ ಕಂಬಳಿ ಹಾಸಿ ಇದ್ದಿಲು ಊದುತ್ತಾ ಕೂರುವವನು ನನ್ನ ಹಮೀದ್. ಅವನಿಗೇ ಮೊದಲು ಫೋನು ಮಾಡಿದೆ.

"ಎಂತ ಟೆನ್ಶನ್ ಮಾಡ್ಕೊಳ್ತೀರಿ ಐರಿನಕ್ಕ! ಮಳೆ ಬಂದು ಹಿಮ ಎಲ್ಲ ಸೆಟ್ ಆಗಿದೆ. ನಿನ್ನೆ ಕಾಲಿಟ್ರೆ ಮೊಣಕಾಲವರೆಗೆ ಹೋಗ್ತಿತ್ತು, ಇವತ್ತು ಗಟ್ಟಿ ಉಂಟು. ಉಸ್ತಾದ್ ಸಹ ಅದೇ ಹೇಳಿದ್ರು, ಒದ್ದೆ ಆದ್ರೆ ಗಟ್ಟಿ."

"ಅದು ಮರಳು ಮಾರಾಯ! ಇದು ಹಿಮ!"

"ಎರಡೂ ದಿಬ್ಬವೇ ಅಲ್ವಾ ಅಕ್ಕ?"

ಏನು ಹೇಳಲಿ ಇವನಿಗೆ? ಕಣ್ಣೆದುರು ನನ್ನ ಚಹಾ, ಸಕ್ಕರೆ ತುಂಡುಗಳ ಡಬ್ಬಿ. "ಎಲ್ಲಿದ್ದೀ ಈಗ?" ಎಂದೆ. ಹೋಟೆಲಿನಲ್ಲಿ ತಿಂಡಿಗೆ ಕುಳಿತಿದ್ದಾನಂತೆ.

"ಮೇಜಿನ ಮೇಲೆ ಸಕ್ಕರೆ ತುಂಡು ಉಂಟಾ? ಬಸಿಯಲ್ಲಿ ಒಂದರ ಮೇಲೆ ಒಂದು ಇಡು. ಎತ್ತರಕ್ಕೆ ಇಡು. ಇಟ್ಟಾಯ್ತಾ? ಈಗ ಬಸಿಗೆ ಸ್ವಲ್ಪ ಬಿಸಿ ಚಹಾ ಹೊಯ್ಯಿ. ಸಕ್ಕರೆ ಮೇಲೆ ಬೇಡ, ಬುಡಕ್ಕೆ."

"ಎಂತ ಆಟ ಅಕ್ಕ ಇದು..." ಎಂದ. ಚಹಾ ಹೊಯ್ಯುವ ಸದ್ದು ಕೇಳಿಸಿತು.

"ಹಮೀದ್?"

"ಬಿತ್ತು ಅಕ್ಕ."

"ಎಂತ ಬಿತ್ತು?"

"ಎಲ್ಲ ಬಿತ್ತು. ಮೇಲಿಂದು ಒಣಗಿಯೇ ಇತ್ತು, ಅದೂ ಬಿತ್ತು." ಅವನ ದನಿ ಸಣ್ಣದಾಗಿತ್ತು. "ಆದ್ರೆ ಉಸ್ತಾದರಿಗೆ ನಾನು ಹೇಗೆ ಹೇಳುದು? ಅವರಿಂದ ಕಲ್ತವ ನಾನು. ಅವರು ಹೋಗುದಾದ್ರೆ ನಾನು ಇಲ್ಲಿ ಕೂತ್ಕೊಳ್ಳಿಕ್ಕೆ ಆಗ್ತದಾ? ನೀವೇ ಹೇಳಿ ಅಕ್ಕ, ಬೇಗ. ಬೈಕಿನವರು ಬರ್ತಾ ಇದ್ದಾರೆ."

ಅವನು ಹೋಗುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಬೀಳುತ್ತದೆ ಎಂದು ಗೊತ್ತಿದ್ದೂ ಹೋಗುತ್ತಾನೆ, ಉಸ್ತಾದರನ್ನು ಬಿಟ್ಟು ಬರುವ ಜಾತಿಯಲ್ಲ ಅವನು. ಪ್ರಭು ಸರ್ ಕೋಣೆಗೆ ಓಡಿ ವಿಷಯ ಹೇಳಿದೆ.

"ಹೋಗ್ಲಿಕ್ಕೆ ಬಿಡ್ಲೇಬೇಡಿ ಐರಿನ್." ಒಂದು ಕ್ಷಣ ಬಿಟ್ಟು ಅಭ್ಯಾಸ ಬಲದಿಂದ ಸೇರಿಸಿದರು, "ಆದ್ರೆ ಇಲ್ಲ ಅಂತ ಹೇಳ್ಬೇಡಿ."

"ಅದು ಹೇಗೆ ಸರ್?"

"ಅದು ಗೊತ್ತಿದ್ರೆ ನಿಮ್ಮನ್ನು ಯಾಕೆ ಇಟ್ಕೊಳ್ತಿದ್ದೆ?"

ನಾನು ಅವರೆದುರೇ ಕಾನೂನು ಮುರಿದೆ. ಅಬು ಸೈಫ್‌ಗೆ ಫೋನು ಮಾಡಿ, ನಿನೋ ಹೇಳಿದ್ದನ್ನೆಲ್ಲ ಹೇಳಿ, "ಇಲ್ಲ. ಹೋಗಬಾರದು" ಎಂದೆ. ಆ ಕಡೆ ಮಳೆಯ ಸದ್ದು, ಅದಕ್ಕಿಂತ ದೊಡ್ಡದಾಗಿ ಅವರ ನಗು.

"ಐರಿನ್! ಇಲ್ಲಿ ಮಳೆ ಸುರಿಯುತ್ತಿದೆ, ಅಲ್ಲಾಹನ ಕೃಪೆ, ನೀನು ಅದಕ್ಕೆ ಹೆದರುತ್ತೀಯಾ? ನಾವೇನು ಬೆಟ್ಟ ಹತ್ತುತ್ತೇವಾ? ಕೆಳಗೆ ಕೂತು ಕಾಫಿ ಕುಡಿಯುತ್ತೇವೆ. ಮಾಫಿ ಮುಶ್ಕಿಲ್, ಏನೂ ತೊಂದರೆ ಇಲ್ಲ! ಬೈಕು ಬಂದ ಕೂಡಲೇ ಹೊರಟೆವು, ಯಲ್ಲಾ!"

ಫೋನು ಇಟ್ಟರು. ಸಕ್ಕರೆ ಪಾಠ ಇವರ ಹತ್ತಿರ ನಡೆಯುವುದಿಲ್ಲ ಎಂದು ಗೊತ್ತಾಯಿತು. ಉಳಿದದ್ದು ಒಂದೇ ಬಾಗಿಲು. ಅವರ ಮನೆಯವರು, ಉಮ್ಮ್ ಸೈಫ್. ವೀಸಾ ಕಾಗದಗಳಿಗಾಗಿ ನಾವಿಬ್ಬರೂ ಮೊದಲೇ ಮಾತಾಡಿ ಪರಿಚಯವಿತ್ತು. ಆಕೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅವರನ್ನು ಹೇಗಾದರೂ ತಡೆಯಿರಿ ಎಂದು ಬೇಡಿಕೊಂಡೆ. ಮಕ್ಕಳೂ ಹೋಗುತ್ತಿದ್ದಾರೆಂದು ಕೇಳಿ ಆಕೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದದ್ದು ನನಗೆ ಇಲ್ಲಿಗೆ ಕೇಳಿಸಿತು.

"ಅಪಾಯ ಎಂದರೆ ಆ ಮನುಷ್ಯ ನಿಲ್ಲುವುದಿಲ್ಲ, ಇನ್ನೂ ಬೇಗ ಹೋಗುತ್ತಾನೆ" ಎಂದರು. "ಅವನನ್ನು ಎಬ್ಬಿಸುವುದು ಒಂದೇ ಒಂದು. ಹಟ್ಟಾದಲ್ಲಿ ಮಳೆ. ಹಟ್ಟಾದಲ್ಲಿ ಹಳ್ಳ ಬಂತು ಎಂದರೆ ಮದುವೆ ಊಟದಿಂದಲೂ ಎದ್ದು ಓಡುತ್ತಾನೆ. ನಮ್ಮದೇ ಮದುವೆ ಊಟದಿಂದ ಓಡಿದ್ದ."

ಕಿಟಕಿಯ ಹೊರಗೆ ಸಿಲಿಕಾನ್ ಓಯಸಿಸ್‌ನ ಮೇಲೆ ಬಿಸಿಲು ಹೊಳೆಯುತ್ತಿತ್ತು. ಮಳೆಯ ಸುಳಿವೇ ಇಲ್ಲ. ಆದರೆ ನನ್ನ ಮೊಬೈಲಿನಲ್ಲಿ ಹಿಂದಿನ ವರ್ಷ ಹಮೀದ್ ಹಟ್ಟಾದಿಂದ ಕಳಿಸಿದ್ದ ವೀಡಿಯೊ ಇತ್ತು. ಕೆಂಪು ನೀರು ರಸ್ತೆ ದಾಟಿ ಭೋರ್ಗರೆಯುತ್ತಿದೆ, ಬಂಡೆಯ ಮೇಲೆ ಮೇಕೆಗಳು ನಿಂತು ನೋಡುತ್ತಿವೆ. ಅದರಲ್ಲಿ ಒಂದಕ್ಕೆ ಒಂದೇ ಕೊಂಬು.

"ಕಳಿಸು" ಎಂದರು ಉಮ್ಮ್ ಸೈಫ್. "ಅವನು ನನಗೆ ಫೋನು ಮಾಡಿ ಕೇಳುತ್ತಾನೆ. ಉಳಿದದ್ದನ್ನು ನನಗೆ ಬಿಡು."

ಹಮೀದನ ಗಾಡಿ ಕಾಣುವ ಕೊನೆಯ ತುಂಡನ್ನು ಕತ್ತರಿಸಿ ತೆಗೆದು, ಉಳಿದ ವೀಡಿಯೊವನ್ನು ಅಬು ಸೈಫ್‌ಗೆ ಕಳಿಸಿ, ಕೆಳಗೆ ಬರೆದೆ: 'ಹಟ್ಟಾ! ಹಳ್ಳ ಬಂದಿದೆ! ಇಂಥ ನೀರು ನಾನು ನೋಡಿಲ್ಲ!'

ಆಮೇಲೆ ತಿಳಿದದ್ದು, ಅವರು ಮನೆಗೆ ಫೋನು ಮಾಡಿದಾಗ ಉಮ್ಮ್ ಸೈಫ್ ಸ್ನಾನದ ಮನೆಯ ಶವರನ್ನು ಪೂರ್ತಿ ತಿರುಗಿಸಿಟ್ಟು, ಅದರ ಪಕ್ಕದಲ್ಲೇ ನಿಂತು, "ಏನೂ ಕೇಳಿಸುತ್ತಿಲ್ಲ, ಜೋರು ಮಳೆ!" ಎಂದು ಕಿರುಚಿದರಂತೆ. ಅಷ್ಟು ಸಾಕಾಯಿತು. ಬಾಗಿಲಿಗೆ ಬಂದ ಸ್ನೋ ಬೈಕಿನವರನ್ನು ವಾಪಸು ಕಳಿಸಿ, "ಊರಲ್ಲಿ ಮಳೆ, ನಾನು ಇಲ್ಲೇನು ಮಾಡಲಿ" ಎಂದು ಮಕ್ಕಳನ್ನೂ ಹಮೀದನನ್ನೂ ಕಾರಿಗೆ ತುಂಬಿಕೊಂಡು ವಿಮಾನ ನಿಲ್ದಾಣಕ್ಕೆ ಹೊರಟೇಬಿಟ್ಟರು. ದಾರಿಯಿಂದ ಹಮೀದ್ ಒಂದೇ ಸಾಲಿನ ಮೆಸೇಜು ಹಾಕಿದ: 'ಅಕ್ಕ, ಆ ಮೇಕೆಯ ಗುರುತು ನನಗೆ ಉಂಟು. ನಾನು ಸುಮ್ಮನಿದ್ದೇನೆ.'

ಮಧ್ಯಾಹ್ನ ಊಟದ ಡಬ್ಬಿ ತೆರೆದಿದ್ದೆ. ನಿನೋ ಒಂದು ಚಿತ್ರ ಕಳಿಸಿದಳು. ಕಣಿವೆಯ ಈಚೆ ದಡದಿಂದ ತೆಗೆದದ್ದು. ಇಳಿಜಾರಿನಲ್ಲಿ ಹಿಮವೇ ಇಲ್ಲ, ಕಪ್ಪು ನೆಲ ಕಾಣುತ್ತಿದೆ. ಕೆಳಗಿನ ಬಯಲು ಇಲ್ಲ. ಅದು ಇದ್ದ ಜಾಗದಲ್ಲಿ ಕೊಳಕು ಬಿಳಿಯ ರಾಶಿ, ಅದರ ಅಂಚಿನಲ್ಲಿ ಕಲ್ಲಿನ ಗುಡಿಸಲಿನ ಒಂದು ಮೂಲೆ ಮಾತ್ರ. 'ಯಾರೂ ಇರಲಿಲ್ಲ' ಎಂದು ಬರೆದಿದ್ದಳು. ನಾನು ಊಟ ಮಾಡಲಿಲ್ಲ. ಪ್ಯಾಂಟ್ರಿಗೆ ಹೋಗಿ, ಬಾಗಿಲು ಹಾಕಿಕೊಂಡು, ಅತ್ತೆ.

ಮರುದಿನ ಅಬು ಸೈಫ್ ಆಫೀಸಿಗೆ ಬಂದರು. ಅವರ ಉದ್ದನೆಯ ಬಿಳಿ ನಿಲುವಂಗಿ ಕಂದೂರದ ಅಂಚಿಗೆಲ್ಲ ಹಟ್ಟಾದ ಧೂಳು. ಒಣ ಧೂಳು. ಹಿಂದಿನಿಂದ ಹಮೀದ್, ಬೆಕ್ಕಿನ ಹೆಜ್ಜೆಯಲ್ಲಿ. ಪ್ರಭು ಸರ್ ಇದ್ದಕ್ಕಿದ್ದಂತೆ ಪ್ರಿಂಟರಿನ ಹಿಂದೆ ಏನನ್ನೋ ಹುಡುಕತೊಡಗಿದರು.

"ನಾನು ವಿಮಾನದಿಂದ ಇಳಿದು ಮನೆಗೂ ಹೋಗದೆ ಹಟ್ಟಾಕ್ಕೆ ಹೋದೆ" ಎಂದರು. ದೊಡ್ಡ ಗಂಟಲು ಅಂದು ಸಣ್ಣದಾಗಿತ್ತು, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಹಳ್ಳದಲ್ಲಿ ಒಂದು ಹನಿ ನೀರಿಲ್ಲ. ಮೇಕೆಯವನನ್ನು ಕೇಳಿದೆ. ಒಂಟಿ ಕೊಂಬಿನದನ್ನು ಹೋದ ಈದ್‌ಗೇ ಮಾರಿದ್ದಾನಂತೆ. ಐರಿನ್, ಯಾವ ವಿಷಯದಲ್ಲಿ ಬೇಕಾದರೂ ಸುಳ್ಳು ಹೇಳು. ಮಳೆಯ ವಿಷಯದಲ್ಲಿ ಹೇಳುತ್ತೀಯಾ?"

ನಾನು ನಿನೋ ಕಳಿಸಿದ ಚಿತ್ರ ತೆರೆದು ಫೋನನ್ನು ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡರು. ಬೆರಳಿನಿಂದ ಹಿಗ್ಗಿಸಿ ನೋಡಿದರು. ಗುಡಿಸಲಿನ ಮೂಲೆ ಕಂಡ ಮೇಲೆ ಬೆರಳು ಅಲ್ಲೇ ನಿಂತಿತು. ಮಕ್ಕಳಿಬ್ಬರ ಹೆಸರನ್ನೂ ಮೆಲ್ಲಗೆ ಒಂದು ಸಲ ಹೇಳಿಕೊಂಡರು, ಕರೆಯುವ ಹಾಗಲ್ಲ. ಆಮೇಲೆ ತಿರುಗಿ ಹಮೀದನ ಹೆಗಲ ಮೇಲೆ ಕೈಯಿಟ್ಟು, ಬಹಳ ಹೊತ್ತು ತೆಗೆಯಲಿಲ್ಲ.

"ಅದೇನೋ ಸಕ್ಕರೆ ಎಂದನಲ್ಲ ಇವನು, ತಾ" ಎಂದರು.

ತಂದಿಟ್ಟೆ. ತಾವೇ ಜೋಡಿಸಿದರು, ತಾವೇ ಚಹಾ ಹೊಯ್ದರು. ಬಿತ್ತು. ಮತ್ತೆ ಜೋಡಿಸಿದರು. ಮತ್ತೆ ಬಿತ್ತು. "ಖಲಾಸ್" ಎಂದು ಎದ್ದರು. ಬಾಗಿಲ ಹತ್ತಿರ ನಿಂತು ನನ್ನ ಕಡೆ ಬೆರಳು ತೋರಿಸಿದರು. "ಆದರೆ ಆ ಮೇಕೆಯ ಲೆಕ್ಕ ನಿನಗೂ ನನಗೂ ಬಾಕಿ ಇದೆ."

ಅಂದಿನಿಂದ ನಮ್ಮ ಮರಳಿನ ತರಬೇತಿಗೆ ಸಕ್ಕರೆ ಡಬ್ಬಿಯೂ ಸೇರಿತು. ಮರುಭೂಮಿಯ ಜನ ಹೇಗೆ ಮೋಸಹೋಗುತ್ತಾರೆಂದು ವಿವರಿಸಲು ಅಬು ಸೈಫ್ ತಾವಾಗಿ ಬಂದು ಕೂರುತ್ತಿದ್ದರು. ಒಂದು ಬಸಿಯಲ್ಲಿ ಒದ್ದೆ ಮರಳು, ಇನ್ನೊಂದರಲ್ಲಿ ಸಕ್ಕರೆ. "ಇದು ನಮ್ಮದು, ಅದು ಅವರದು" ಎನ್ನುತ್ತಿದ್ದರು. ಹಮೀದ್ ಹಿಂದೆ ನಿಂತು, ತಾನೇ ಕಂಡುಹಿಡಿದವನಂತೆ ತಲೆಯಾಡಿಸುತ್ತಿದ್ದ. ಪ್ರಭು ಸರ್ ಕೂಡ ತಮ್ಮ ಕಾನೂನಿಗೆ ತಿದ್ದುಪಡಿ ತಂದರು: ಮಳೆಯ ದಿನ ಮಾತ್ರ 'ಇಲ್ಲ' ಎನ್ನಬಹುದು. ಅದನ್ನು ಹೇಳುವಾಗಲೂ ಒಮ್ಮೆ ಕೆಮ್ಮಿದರು.

ಮಕ್ಕಳೇ, ನೀವು ಈ ಕೆಲಸಕ್ಕೆ ಸೇರಿದರೆ ಮೊದಲು ನೇರವಾಗಿ 'ಇಲ್ಲ' ಎನ್ನಲು ಕಲಿಯಿರಿ. ಅದು ನಡೆಯದಿದ್ದರೆ ಗಿರಾಕಿಯ ಮನೆಯವರ ನಂಬರು ಕೈಯಲ್ಲಿರಲಿ. ಹಳೆಯ ವೀಡಿಯೊಗಳನ್ನು ಅಳಿಸಬೇಡಿ.

ಇಷ್ಟು ಬರೆದು ಮುಗಿಸಬೇಕೆಂದು ಮಗಳ ಫ್ಲಾಟಿನಲ್ಲಿ ಇಂದು ಬೆಳಿಗ್ಗೆ ಕುಳಿತಿದ್ದೆ. ಫೋನು ಟಿಂಗ್ ಎಂದಿತು. ಅಬು ಸೈಫ್. 'ಐರಿನ್! ದುಬೈಗೆ ಮಳೆ ಬರುತ್ತಿದೆ! ಹಟ್ಟಾ ಮುಳುಗಿದೆ, ನಿನ್ನ ಕಡೆಗೇ ಬರುತ್ತಿದೆ, ಬೇಗ ನೋಡು!' ಕೆಳಗೆ ವೀಡಿಯೊ, ಭೋರ್ಗರೆಯುವ ಕೆಂಪು ನೀರು. ಬಾಲ್ಕನಿಯಲ್ಲಿ ಬಟ್ಟೆ ಒಣಗಲು ಹಾಕಿದ್ದು ನೆನಪಾಗಿ ಎದ್ದುಬಿದ್ದು ಓಡಿದೆ. ತೆಗೆದ ಬಟ್ಟೆಯನ್ನೆಲ್ಲ ತೋಳಿನಲ್ಲಿ ತುಂಬಿಕೊಂಡು ಆಕಾಶ ನೋಡಿದೆ.

ಒಂದು ಮೋಡವಿಲ್ಲ. ಕಣ್ಣು ಬಿಡಲಾಗದ ಬಿಸಿಲು.

ಬಟ್ಟೆ ಕೆಳಗಿಟ್ಟು ವೀಡಿಯೊವನ್ನು ಮತ್ತೊಮ್ಮೆ ನೋಡಿದೆ. ಬಂಡೆಯ ಮೇಲೆ ಮೇಕೆಗಳು. ಅದರಲ್ಲೊಂದಕ್ಕೆ ಒಂದೇ ಕೊಂಬು.

"ಅಮ್ಮಾ, ವಾಟ್ ಹ್ಯಾಪನ್ಡ್?" ಎಂದು ಮಗಳು ಒಳಗಿನಿಂದ ಕೂಗಿದಳು. ನಗು ತಡೆಯಲಾಗದೆ ನಾನು ಬಟ್ಟೆಯ ರಾಶಿಯ ಮೇಲೇ ಕುಳಿತುಬಿಟ್ಟಿದ್ದೆ. ಕಣ್ಣಲ್ಲಿ ನೀರೂ ಬಂತು. ಸೇಡು ತೀರಿಸಿಕೊಳ್ಳಲು ಆ ಮುದುಕ ಜೀವಂತ ಇದ್ದಾನಲ್ಲ. ವೀಡಿಯೊದ ಕೊನೆಯಲ್ಲಿ, ಅಂದು ನಾನು ಕತ್ತರಿಸಿ ತೆಗೆದಿದ್ದ, ಹಮೀದನ ಗಾಡಿಯ ತುಂಡೂ ಇತ್ತು. ಅದನ್ನು ಅವರಿಗೆ ಕೊಟ್ಟವನು ಹಮೀದನೇ ಇರಬೇಕು.